ಎರಡು ಮಹಾರಾಷ್ಟ್ರಗಳೂ ನಮ್ಮ ಬೈಲಕುಪ್ಪೆಯೂ



ಕೊಪ್ಪದಿಂದ ಬೈಲಕುಪ್ಪೆಯ ಕಡೆಗೆ ಹೋಗುವವರು ಕೆಂಗಾವಿಯುಟ್ಟ ಭಿಕ್ಷುಗಳನ್ನೂ, ಗಾಳಿಗೆ ಆಡುವ ಬಣ್ಣಬಣ್ಣದ ಬಾವುಟಗಳನ್ನೂ, ಮುಸುಕಿನ ಜೋಳದ ಹೊಲಗಳನ್ನೂ ಕಾಣುವರು. ಈ ಟಿಬೆಟ್ ಜನರು ಇಲ್ಲಿಗೆ ಬಂದುದೇಕೆಂದು ತರಗತಿಯಲ್ಲಿ ಕೇಳಿದರೆ, ‘ಚೀನಾದವರು ಓಡಿಸಿದರು’ ಎಂಬ ಒಂದೇ ಮಾತಿನ ಉತ್ತರ ನಮಗೆ ದೊರೆಯುವುದು. ಉತ್ತರವು ಸುಳ್ಳಲ್ಲ, ಆದರೆ ಸಾಲದು. ಆದಕಾರಣ ಈ ಪಾಠವನ್ನು ಬರೆಯುತ್ತೇವೆ.

ಭಾರತವು 1947ರಲ್ಲಿ ಪರರ ಆಳ್ವಿಕೆಯಿಂದ ಬಿಡುಗಡೆ ಹೊಂದಿತು. ಚೀನಾ ಪೂರ್ಣವಾಗಿ ಪರಾಧೀನವಾಗದಿದ್ದರೂ ವಿದೇಶೀಯರ ಅಸಮಾನ ಒಪ್ಪಂದಗಳಿಂದ ಬಹುಕಾಲ ನೊಂದಿತ್ತು. ಅಲ್ಲಿ ಹೊಸ ಗಣರಾಜ್ಯವು 1949ರಲ್ಲಿ ಸ್ಥಾಪಿತವಾಯಿತು. 1950ರ ಏಪ್ರಿಲ್ 1ರಂದು ಇವೆರಡರ ನಡುವೆ ರಾಜತಾಂತ್ರಿಕ ಸಂಬಂಧವು ಏರ್ಪಟ್ಟಿತು.

1954ರ ಏಪ್ರಿಲ್ 29ರಂದು ಟಿಬೆಟಿನ ವ್ಯಾಪಾರ ಮತ್ತು ಯಾತ್ರೆಗಳನ್ನು ಕುರಿತು ಒಪ್ಪಂದವಾಯಿತು. ಪಂಚಶೀಲವೆಂದು ಹೆಸರಾದ ಐದು ತತ್ತ್ವಗಳು ಅದರ ಪೀಠಿಕೆಯಲ್ಲಿಯೇ ಇದ್ದವು. ಆಂಗ್ಲರು ಟಿಬೆಟಿನಲ್ಲಿ ಪಡೆದಿದ್ದ ಅಂಚೆ, ತಂತಿ, ಕಾವಲುಪಡೆ ಮೊದಲಾದ ಅನುಕೂಲಗಳನ್ನು ಭಾರತವು ಬಿಟ್ಟುಕೊಟ್ಟಿತು. ಆದರೆ ಗಡಿಯ ವಿಷಯವನ್ನು ಆ ಒಪ್ಪಂದವು ನಿರ್ಣಯಿಸಲಿಲ್ಲ. ಗಡಿಕಲ್ಲು ನೆಡದೆ ಹೊಲ ಹಂಚಿಕೊಂಡ ಅಣ್ಣತಮ್ಮಂದಿರ ಗತಿಯೇನೆಂಬುದನ್ನು ಒಕ್ಕಲು ಮನೆತನದವರಾದ ನಮ್ಮ ಪೋಷಕರು ಬಲ್ಲರು.

1959ರ ಮಾರ್ಚಿಯಲ್ಲಿ ಲಾಸಾ ನಗರದಲ್ಲಿ ದಂಗೆಯೆದ್ದಿತು. ದಲೈಲಾಮಾ ಅವರು ಬೆಟ್ಟಗಳನ್ನು ದಾಟಿ ಅದೇ ತಿಂಗಳು 31ರಂದು ಭಾರತವನ್ನು ಸೇರಿದರು. ಸಹಸ್ರಾರು ಜನರು ಅವರನ್ನು ಹಿಂಬಾಲಿಸಿದರು. ಅವರಿಗೆ ಆಶ್ರಯವಿತ್ತುದು ನೆರೆರಾಷ್ಟ್ರಕ್ಕೆ ಹಿಡಿಸಲಿಲ್ಲ. 1954ರ ಒಪ್ಪಂದವು ಎಂಟು ವರ್ಷಗಳ ಅವಧಿ ತೀರಿ 1962ರ ಜೂನಿನಲ್ಲಿ ಕೊನೆಗೊಂಡಿತು. ಅಕ್ಟೋಬರ್ 20ರಂದು ಯುದ್ಧವೇ ಮೊದಲಾಯಿತು.

ಇಷ್ಟರಲ್ಲಿ ಅಂದಿನ ಮೈಸೂರು ಸರ್ಕಾರವು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುನೆಲವನ್ನು ಕೊಟ್ಟಿತ್ತು. ಹಿಮದ ನಾಡಿನವರು ನಮ್ಮ ಬಿಸಿಲಿನಲ್ಲಿ ಮರ ಕಡಿದು, ನೆಲ ಹಸನು ಮಾಡಿ, ಊರು ಕಟ್ಟಿದರು. ಎರಡನೆಯ ನೆಲಸುನಾಡು 1969ರಲ್ಲಿ ಆರಂಭವಾಯಿತು.

ರಾಷ್ಟ್ರಗಳ ಮುನಿಸು ಮೆಲ್ಲನೆ ಇಳಿಯಿತು. 1976ರಲ್ಲಿ ರಾಯಭಾರಿಗಳು ಮರಳಿದರು. 1988ರಲ್ಲಿ ಪ್ರಧಾನಮಂತ್ರಿ ರಾಜೀವ್ ಗಾಂಧಿಯವರು ಬೀಜಿಂಗಿಗೆ ಹೋದರು. 1993ರಲ್ಲಿ ಗಡಿಯ ಶಾಂತಿಗಾಗಿ ಒಪ್ಪಂದವಾಯಿತು. ಆದರೂ 2020ರ ಜೂನಿನಲ್ಲಿ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಮಡಿದರು. 2024ರ ಅಕ್ಟೋಬರಿನಲ್ಲಿ ಗಡಿಗಸ್ತಿನ ವಿಷಯವಾಗಿ ಮತ್ತೊಮ್ಮೆ ಒಡಂಬಡಿಕೆಯಾಯಿತು.

ಈ ಕಾಗದಗಳ ಭಾರವು ಬಡವರ ಮನೆಯ ಮೇಲೆಯೂ ಬೀಳುವುದೆಂಬುದನ್ನು ಮರೆಯಬಾರದು. ಬೈಲಕುಪ್ಪೆಯ ಮಕ್ಕಳು ಇಲ್ಲಿಯೇ ಹುಟ್ಟಿದವರು, ಕನ್ನಡವನ್ನೂ ಆಡುವರು. ಆದರೂ ಅವರಲ್ಲಿ ಅನೇಕರು ಕಾನೂನಿನ ಕಣ್ಣಿಗೆ ಪರದೇಶೀಯರು. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಈ ದೇಶದಲ್ಲಿ ಹುಟ್ಟಿದ ಟಿಬೆಟಿಯನ್ನರು ಭಾರತದ ಪ್ರಜೆಗಳೇ ಎಂದು ಕರ್ನಾಟಕದ ಉಚ್ಚ ನ್ಯಾಯಾಲಯವು 2013ರಲ್ಲಿ ತಿಳಿಸಿತು. ಅನಂತರ ಹುಟ್ಟಿದವರಿಗೆ ಆ ಹಕ್ಕು ಹುಟ್ಟಿನಿಂದಲೇ ದೊರೆಯದು.

ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಮಕ್ಕಳಿಗೆ ಇಸವಿಗಳನ್ನು ಬಾಯಿಪಾಠ ಮಾಡಿಸಲಿ; ಅದು ಪರೀಕ್ಷೆಗೆ ಬೇಕು. ಅದರೊಡನೆ ಒಂದು ಪ್ರಶ್ನೆಯನ್ನೂ ಕೇಳಲಿ: ಊರು ಬಿಟ್ಟು ಬಂದ ಅಜ್ಜಿಯ ಮೊಮ್ಮಗಳು ನಿನ್ನ ಬೆಂಚಿನಲ್ಲಿ ಕುಳಿತರೆ ಆಕೆಯನ್ನು ಏನೆಂದು ಕರೆಯುವೆ? ಆ ಪ್ರಶ್ನೆಗೆ ಸರಿಯಾದ ಉತ್ತರವನ್ನು ಬಲ್ಲ ಮಗುವು ಈ ಪಾಠವನ್ನು ಕಲಿತಿತೆಂದು ನಾವು ತಿಳಿಯುವೆವು.