ಆತ್ಮಕೂರಿನಿಂದ ಮುಂದೆ ಗಾಡಿ ಬರುವುದಿಲ್ಲ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ನಮ್ಮ ಬೀಗರು ನೆಂಟರೆಲ್ಲ ಈ ನಾಲ್ಕು ತಾಲ್ಲೂಕುಗಳಲ್ಲೇ ಹಂಚಿಹೋಗಿದ್ದಾರೆ. ಎತ್ತ ನೋಡಿದರೂ ಎರಿ ಹೊಲ, ತೊಗರಿ, ಬಿಳಿಜೋಳ. ಗುಡ್ಡ ಹತ್ತುವ ರೂಢಿ ನಮಗೆ ಹೇಗೆ ಬರಬೇಕು? ಬಂದದ್ದು ಶ್ರೀಶೈಲದ ಮಲ್ಲಯ್ಯನಿಂದ. ಯುಗಾದಿ ಸಮೀಪಿಸಿದರೆ ನಮ್ಮ ಕಡೆಯ ಊರೂರುಗಳಿಂದ ಕಂಬಿ ಏಳುತ್ತವೆ, ಜನ ನಡೆಯುತ್ತಾರೆ, ಕೆಲವರು ಮರಗಾಲು ಕಟ್ಟಿಕೊಂಡೂ ಹೋಗುತ್ತಾರೆ. ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ಅಳಿಯ. ಹಾಗಾಗಿ ನಮ್ಮ ಅತ್ತೆ ಸೀರೆ, ಬಳೆ, ಅರಿಶಿನ-ಕುಂಕುಮ ಕಟ್ಟಿಕೊಂಡೇ ಹೊರಡುವುದು.

ಮಕ್ಕಳು ಮುದುಕರು ಕೂಡಿ ಹೊರಡುವ ಕುಟುಂಬಕ್ಕೆ ಜೊತೆಗೊಂದು ಗಾಡಿ ಬೇಕು. ನಮ್ಮದು ಒಂದು ಪಿಕಪ್. ಕೆಳಗೆ ನೀರಿನ ಡ್ರಮ್ಮು, ಸಿಲಿಂಡರು, ಹಿಟ್ಟಿನ ಡಬ್ಬಿ, ಖಡಕ್ ರೊಟ್ಟಿಯ ಗಂಟು. ಮೇಲೆ ಹಲಗೆ ಹಾಸಿ ಕೌದಿ ಹಾಕಿದರೆ ಮಕ್ಕಳ ಹಾಸಿಗೆ. ಅದರ ಮೇಲೊಂದು ತಾಡಪತ್ರಿ. ಆ ಗಾಡಿ ಯಾವಾಗಲೂ ನಡೆಯುವವರ ಮುಂದಿರಬೇಕು, ಹಿಂದೆ ಅಲ್ಲ. ಹಿಂದೆ ಬಂದರೆ ಕಾಲು ನೊಂದಾಗಲೆಲ್ಲ ಕಣ್ಣು ಅದರ ಕಡೆಗೇ ಹೊರಳುತ್ತದೆ. ಮುಂದೆ ಹೋಗಿ ಬೇವಿನ ನೆರಳು ಹಿಡಿದು ನಿಂತರೆ ನಾವು ಮುಟ್ಟುವಷ್ಟರಲ್ಲಿ ಚಹಾ ಕುದಿಯುತ್ತಿರುತ್ತದೆ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ದಿನವಿಡೀ ನಡೆದು ಬಂದ ಹೆಣ್ಣುಮಕ್ಕಳೇ ಮತ್ತೆ ಒಲೆಯ ಮುಂದೆ ಕೂರುವುದು ಅನ್ಯಾಯ. ನಮ್ಮ ಮನೆಯಲ್ಲಿ ಅಡುಗೆಗೆ ಪಾಳಿ ಇದೆ, ಗಂಡಸರ ಪಾಳಿ ಮೊದಲು. ಈ ಒಂದು ಕಟ್ಟಳೆಯಿಂದ ನಮ್ಮ ಪ್ರವಾಸದ ಸ್ವರೂಪವೇ ಬದಲಾಯಿತು.

ರಸ್ತೆಯ ನಡಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾರಾಯಣಪುರದ ಬಳಿ ಕೃಷ್ಣೆ ದಾಟಿ ಲಿಂಗಸುಗೂರು, ರಾಯಚೂರು. ತುಂಗಭದ್ರೆ ದಾಟಿದರೆ ಆಂಧ್ರ, ಅಲ್ಲಿಂದ ಕರ್ನೂಲು, ನಂದಿಕೊಟ್ಕೂರು, ಆತ್ಮಕೂರು. ಬೆಳಗಿನ ಜಾವ ಎದ್ದು ಬಿಸಿಲೇರುವ ಮುಂಚೆ ಒಂದಿಷ್ಟು, ಹೊತ್ತು ಇಳಿದ ಮೇಲೆ ಒಂದಿಷ್ಟು. ಇಂಡಿಯ ಲಿಂಬೆ ಹಿಂಡಿ ಉಪ್ಪು-ಬೆಲ್ಲ ಕದಡಿದ ನೀರಿಗಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ. ದಾರಿಯುದ್ದಕ್ಕೂ ದಾಸೋಹದ ಪೆಂಡಾಲು: ಮಜ್ಜಿಗೆ, ಕಲ್ಲಂಗಡಿ, ಅನ್ನ-ಸಾರು, ಗುರುತಿಲ್ಲದವರ ಕಾಲು ಒತ್ತುವ ಕೈಗಳು.

ಆತ್ಮಕೂರಿಗೆ ಬಂದರೆ ದಾರಿ ಕವಲೊಡೆಯುತ್ತದೆ. ಗಾಡಿ ದೋರ್ನಾಲ ಸುತ್ತಿ ನೂರು ಕಿಲೋಮೀಟರಿಗೂ ಮಿಕ್ಕಿ ಓಡಿ ಶ್ರೀಶೈಲ ಸೇರಬೇಕು. ನಾವು ವೆಂಕಟಾಪುರದಿಂದ ನಲ್ಲಮಲ ಕಾಡಿಗೆ ಇಳಿಯುತ್ತೇವೆ, ಸುಮಾರು 40 ಕಿಲೋಮೀಟರ್. ಅಲ್ಲಿಯವರೆಗೆ ಗಾಡಿ ಹೊತ್ತದ್ದನ್ನು ಇನ್ನು ಬೆನ್ನು ಹೊರಬೇಕು. ರಾತ್ರಿಯೇ ಪ್ರತಿಯೊಬ್ಬರ ಚೀಲ ಬಿಚ್ಚಿಸಿ ನೋಡುತ್ತೇವೆ: ನೀರು, ರೊಟ್ಟಿ, ಶೇಂಗಾ ಚಟ್ನಿ, ಟಾರ್ಚು, ಒಂದು ಹೊದಿಕೆ, ಕೈಗೊಂದು ಕೋಲು. ಮಿಕ್ಕದ್ದೆಲ್ಲ ಗಾಡಿಗೆ ವಾಪಸ್. ಅತ್ತೆಯ ಉಡಿಯ ಗಂಟಿಗೆ ಮಾತ್ರ ಯಾರೂ ಕೈ ಹಚ್ಚುವುದಿಲ್ಲ.

ನಾಗಲೂಟಿಯ ವೀರಭದ್ರನಿಗೆ ಕೈಮುಗಿದು ಮುಂದೆ ಹೋದರೆ ಪೆಚ್ಚೆರುವು, ಚೆಂಚು ಜನರ ನೆಲೆ. ಅವರಿಗೂ ಮಲ್ಲಯ್ಯ ಅಳಿಯನೇ. ತಮ್ಮ ಕುಲದ ಹುಡುಗಿಯನ್ನು ಮೆಚ್ಚಿ ಮದುವೆಯಾದವನೆಂದು ಅವರ ಐತಿಹ್ಯ, ಅವನನ್ನು ಚೆಂಚು ಮಲ್ಲಯ್ಯ ಎನ್ನುತ್ತಾರೆ. ಇದನ್ನು ಕೇಳಿದ ಅತ್ತೆ, ‘ಹಂಗಾದ್ರ ನಾವೂ ಇವ್ರೂ ಬೀಗರಾದ್ವಿ’ ಅಂದರು. ಅಂದಿನಿಂದ ಈ ಕಾಡಿನಲ್ಲಿ ಮಕ್ಕಳ ನಡವಳಿಕೆಯೇ ಬೇರೆ. ಬೀಗರ ಅಂಗಳದಲ್ಲಿ ಯಾರು ಕಸ ಚೆಲ್ಲುತ್ತಾರೆ? ಇದು ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ. ಲಕ್ಷಾಂತರ ಮಂದಿ ದಾಟುವ ಈ ಕಾಲುದಾರಿಯ ಅಂಚಿನಲ್ಲಿ ನೀರಿನ ಪಾಕೀಟು, ಬಾಟಲಿ ಕಂಡಾಗ ನನಗೆ ಸಂಕಟವಾಗುತ್ತದೆ. ನಮ್ಮ ಮಕ್ಕಳ ಹೆಗಲಿಗೆ ಖಾಲಿ ಚೀಲವೊಂದು ಇರುತ್ತದೆ. ತಾವು ತಿಂದದ್ದರ ಕಸ ಅದರಲ್ಲೇ ಶ್ರೀಶೈಲದವರೆಗೆ ಬರುತ್ತದೆ.

ಇನ್ನು ಭೀಮನಕೊಳ್ಳ. ಬಸವನ ಬಾಗೇವಾಡಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಶ್ರೀಶೈಲದ ಗುಡಿ ಅದಕ್ಕಿಂತ ತಗ್ಗಿನಲ್ಲಿದೆ. ಲೆಕ್ಕಕ್ಕೆ ನಾವು ಇಳಿಯುತ್ತಿರುವವರೇ. ಕಾಲಿಗೆ ಮಾತ್ರ ಆ ಲೆಕ್ಕ ನಿಲುಕುವುದಿಲ್ಲ, ಏಕೆಂದರೆ ದಾರಿ ಆಳದ ಕಣಿವೆಗೆ ಬಿದ್ದು ಮತ್ತೆ ಕಡಿದಾಗಿ ಏಳುತ್ತದೆ. 14ನೇ ಶತಮಾನದಲ್ಲಿ ರೆಡ್ಡಿ ದೊರೆಗಳು ಯಾತ್ರಿಕರಿಗೆಂದು ಶ್ರೀಶೈಲದ ದಾರಿಗೆ ಮೆಟ್ಟಿಲು ಹಾಕಿಸಿದರು. ಕಲ್ಲಿನ ಮೆಟ್ಟಿಲು ಒಂದೊಂದೂ ಒಂದೊಂದು ಎತ್ತರ. ಎಲ್ಲರೂ ಹತ್ತುವುದಕ್ಕೆ ಹೆದರುತ್ತಾರೆ. ಬಯಲುಸೀಮೆಯವರ ಕಾಲು ಸೋಲುವುದು ಇಳಿಯುವಾಗ. ಅರ್ಧಕ್ಕೆ ಬಂದರೆ ತೊಡೆ ತಾನಾಗಿ ಗಡಗಡ ನಡುಗುತ್ತದೆ. ಅತ್ತೆ ಇಳಿಯುವುದನ್ನು ನೋಡಿಯೇ ನಾನು ಕಲಿತೆ. ಕೋಲನ್ನು ಮೊದಲು ಕೆಳಗಿನ ಮೆಟ್ಟಿಲಿಗೆ ಊರಿ, ಮೈ ಅಡ್ಡ ತಿರುಗಿಸಿ, ಪಾದವನ್ನು ಪೂರ್ತಿ ಕಲ್ಲಿನ ಮೇಲಿಟ್ಟು, ಎರಡನೇ ಕಾಲು ಅದರ ಪಕ್ಕಕ್ಕೆ ಬಂದ ಮೇಲೇ ಮುಂದಿನ ಮೆಟ್ಟಿಲು. ಪಕ್ಕದಲ್ಲಿ ಹುಡುಗರು ಜಿಗಿಯುತ್ತ ದಾಟಿದರೂ ಅವರ ಲಯ ಕೆಡಲಿಲ್ಲ. ತಳದಲ್ಲಿ ಮಂಡಿ ಹಿಡಿದು ಕೂತವರು ಆ ಹುಡುಗರೇ.

ಹತ್ತುವಾಗ ಇಡೀ ಕುಟುಂಬ ಅತ್ತೆಯ ಹಿಂದೆ. ಎಲ್ಲರಿಗಿಂತ ನಿಧಾನದವರು ಮುಂದಿದ್ದರೆ ಯಾರೂ ಹಿಂದೆ ಉಳಿಯುವುದಿಲ್ಲ, ಉಸಿರೂ ಕಟ್ಟುವುದಿಲ್ಲ. ಕೈಲಾಸದ್ವಾರ ದಾಟಿದರೆ ಏರು ಮುಗಿಯಿತು. ಶ್ರೀಶೈಲದಲ್ಲಿ ಮೈದುನ ಗಾಡಿಯ ಪಕ್ಕ ಕಾಲಿಗೆಂದು ನೀರು ಕಾಯಿಸಿಟ್ಟಿರುತ್ತಾನೆ.

ಈಗ ಸಂಕ್ರಾಂತಿ ಕಳೆದ ಕೂಡಲೇ ನಮ್ಮಲ್ಲಿ ಅಭ್ಯಾಸ ಶುರು. ಊರಲ್ಲಿ ಗುಡ್ಡವಿಲ್ಲ, ಹೊಲದ ಬಾವಿಗೆ ಮೆಟ್ಟಿಲುಗಳಿವೆ. ಸಂಜೆ ಎಲ್ಲರೂ ಇಳಿದು ಹತ್ತುತ್ತಾರೆ. ರವಿವಾರ ವಿಜಯಪುರಕ್ಕೆ ಹೋದರೆ ಗೋಳಗುಮ್ಮಟದ ಮಿನಾರಿನ ಮೆಟ್ಟಿಲು. ಹತ್ತಿದ್ದಕ್ಕೆ ಅತ್ತೆ ಏನೂ ಹೇಳುವುದಿಲ್ಲ, ಇಳಿಯುವಾಗ ಪಾದ ಹೇಗೆ ಬೀಳುತ್ತದೆಂದು ಕೆಳಗೆ ನಿಂತು ನೋಡುತ್ತಾರೆ.