ಕೇಳಿದ್ದನ್ನೇ ಬರೆ: ಹ್ಯಾಮ್ ರೇಡಿಯೊ ಸ್ಪರ್ಧೆಯ ನಿಯಮಗಳು ಒಂಬತ್ತನೇ ತರಗತಿಯಲ್ಲಿ

ಕೂಡ್ಲಿಗಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನನ್ನ ಅಭ್ಯಾಸ ಬೋಧನೆ ನಡೆಯಿತು. ಒಂಬತ್ತನೇ ತರಗತಿಗೆ 'ಶಬ್ದ' ಅಧ್ಯಾಯ ಮುಗಿಸಿದ ಮೇಲೆ ಮಾರ್ಗದರ್ಶಿ ಶಿಕ್ಷಕರು ಪೂರಕ ಚಟುವಟಿಕೆಗೆಂದು ಎರಡು ಅವಧಿ ಬಿಟ್ಟುಕೊಟ್ಟರು. ಆ ಅವಧಿಗಳಿಗೆ ನಾನು ಆರಿಸಿಕೊಂಡದ್ದು ಹವ್ಯಾಸಿ ರೇಡಿಯೊ ಸ್ಪರ್ಧೆ. ಪಾಠಯೋಜನೆಯಲ್ಲಿ ಬರೆದ ಉದ್ದೇಶ ಒಂದೇ: ವಿದ್ಯಾರ್ಥಿಯು ತಾನು ಕೇಳಿದ್ದನ್ನು ಕೇಳಿದ ಹಾಗೆಯೇ ದಾಖಲಿಸುವನು. ಮೌಲ್ಯಗಳ ಅಂಕಣವನ್ನು ಖಾಲಿ ಬಿಟ್ಟಿದ್ದೆ, ಅದನ್ನು ಮಕ್ಕಳೇ ತುಂಬಿದರು.

ಮೊದಲು ವಿಷಯದ ಹಿನ್ನೆಲೆ. ಹ್ಯಾಮ್‌ಗಳೆಂದರೆ ಸರ್ಕಾರದ ಪರೀಕ್ಷೆ ಪಾಸಾಗಿ, ಪರವಾನಗಿ ಮತ್ತು ಸ್ವಂತ ಕರೆಸಂಕೇತ ಪಡೆದು, ಹಣದ ಲಾಭವಿಲ್ಲದೆ ರೇಡಿಯೊದಲ್ಲಿ ಮಾತಾಡುವವರು. ನಮ್ಮ ದೇಶದಲ್ಲಿ ಹನ್ನೆರಡು ವರ್ಷ ತುಂಬಿದವರು ಈ ಪರೀಕ್ಷೆಗೆ ಕೂರಬಹುದು ಎಂದಾಗ ತರಗತಿಯಲ್ಲಿ ಸದ್ದು ಎದ್ದಿತು, ಅಲ್ಲಿದ್ದವರೆಲ್ಲ ಆ ವಯಸ್ಸು ದಾಟಿದವರೇ. ಬೆಂಗಳೂರಿನಲ್ಲಿ ಹವ್ಯಾಸಿ ರೇಡಿಯೊ ಕ್ಲಬ್ 1959ರಿಂದ ಇದೆ. ಪರೀಕ್ಷೆಗೆ ತರಬೇತಿ ಕೊಡುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಕೂಡ ಅಲ್ಲಿಯೇ ಇದೆ.

ಇವರ ದೊಡ್ಡ ಪಂದ್ಯಗಳಲ್ಲಿ ಒಂದು 'ಸಿಕ್ಯೂ ವರ್ಲ್ಡ್ ವೈಡ್'. ಮಾತಿನ ಸ್ಪರ್ಧೆ ಅಕ್ಟೋಬರ್ ಕೊನೆಯ ಪೂರ್ಣ ವಾರಾಂತ್ಯದಲ್ಲಿ, ಮೋರ್ಸ್ ಸಂಕೇತದ ಸ್ಪರ್ಧೆ ನವೆಂಬರ್ ಕೊನೆಯ ಪೂರ್ಣ ವಾರಾಂತ್ಯದಲ್ಲಿ. ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಿಗ್ಗೆ 5:30ಕ್ಕೆ ಆರಂಭವಾಗಿ 48 ಗಂಟೆ ನಡೆಯುತ್ತದೆ. ಎದುರಿನ ಕೇಂದ್ರದ ಕರೆಸಂಕೇತ ಹಿಡಿಯಬೇಕು, ಸಂಕೇತದ ಗುಣಮಟ್ಟ ಮತ್ತು ವಲಯದ ಸಂಖ್ಯೆಯನ್ನು ಪರಸ್ಪರ ಹೇಳಿಕೊಳ್ಳಬೇಕು, ಲಾಗ್‌ನಲ್ಲಿ ಬರೆಯಬೇಕು. ಭಾರತ 22ನೇ ವಲಯ. ಬೇರೆ ಖಂಡದ ಕೇಂದ್ರ ಸಿಕ್ಕರೆ 3 ಅಂಕ, ನಮ್ಮದೇ ಖಂಡದ ಬೇರೆ ದೇಶಕ್ಕೆ 1, ನಮ್ಮದೇ ದೇಶಕ್ಕೆ 0. ಆ ಸೊನ್ನೆಗೂ ಬೆಲೆ ಇದೆ: ಪ್ರತಿ ಬ್ಯಾಂಡಿನಲ್ಲಿ ಸಿಕ್ಕ ಹೊಸ ದೇಶ, ಹೊಸ ವಲಯ ಒಂದೊಂದು ಗುಣಕ, ಅದರಲ್ಲಿ ಸ್ವಂತ ದೇಶವೂ ಸೇರುತ್ತದೆ. ಒಟ್ಟು ಅಂಕವನ್ನು ಒಟ್ಟು ಗುಣಕದಿಂದ ಗುಣಿಸಿದರೆ ಫಲಿತಾಂಶ.

ವಿಭಾಗಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ತರಗತಿಯಲ್ಲಿ ಬಿಸಿ ಏರಿದ್ದು ಇಲ್ಲಿಯೇ. ಹೆಚ್ಚಿನ ಶಕ್ತಿಯ ವಿಭಾಗದ ಮಿತಿ 1500 ವ್ಯಾಟ್, ಕಡಿಮೆ ಶಕ್ತಿಗೆ 100, ಅತಿ ಕಡಿಮೆಗೆ 5. ಆಯಾ ದೇಶದ ಪರವಾನಗಿಯ ಮಿತಿ ಇದಕ್ಕಿಂತ ಕಡಿಮೆಯಿದ್ದರೆ ಅದನ್ನೇ ಪಾಲಿಸಬೇಕು. ನಮ್ಮ ಜನರಲ್ ದರ್ಜೆಯ ಪರವಾನಗಿಗೆ 400 ವ್ಯಾಟ್ ಮಿತಿ. ಹಾಗಾಗಿ ಇಲ್ಲಿಂದ ಹೆಚ್ಚಿನ ಶಕ್ತಿಯ ವಿಭಾಗಕ್ಕೆ ಇಳಿಯುವವರು 1500ರ ಎದುರು 400 ಇಟ್ಟುಕೊಂಡೇ ಆಡಬೇಕು. ಇದು ಅನ್ಯಾಯವೇ? ಕರಿಹಲಗೆಯ ಮೇಲೆ ಲೆಕ್ಕ ಮಾಡಿದೆವು. 1500 ಭಾಗಿಸು 400 ಅಂದರೆ 3.75, ಡೆಸಿಬೆಲ್‌ನಲ್ಲಿ ಸುಮಾರು 5.7. ರಿಸೀವರಿನ ಮುಳ್ಳಿನಲ್ಲಿ 6 ಡೆಸಿಬೆಲ್‌ಗೆ ಒಂದು ಮನೆ, ಅಂದರೆ ವ್ಯತ್ಯಾಸ ಒಂದು ಮನೆಯಷ್ಟೂ ಇಲ್ಲ. 100ಕ್ಕೂ 5ಕ್ಕೂ 13 ಡೆಸಿಬೆಲ್, ಎರಡು ಮನೆಗಿಂತ ತುಸು ಹೆಚ್ಚು. ಇಪ್ಪತ್ತು ಪಟ್ಟು ಶಕ್ತಿಗೆ ಎರಡೇ ಮನೆ ಎಂಬುದು ಮಕ್ಕಳಿಗೆ ನಂಬಲಾಗದ ಮಾತಾಯಿತು. ಲಾಗರಿದಂ ಅವರ ಪಠ್ಯದಲ್ಲಿಲ್ಲದ ಕಾರಣ ನಾನು ಉತ್ತರ ಮಾತ್ರ ಕೊಟ್ಟೆ.

ಇನ್ನು ಆಟ. ಪರವಾನಗಿಯಿಲ್ಲದೆ ಪ್ರಸಾರ ಮಾಡುವುದು ಅಪರಾಧ, ಹಾಗಾಗಿ ಯಂತ್ರವಿಲ್ಲ, ಬಾಯಿ ಮಾತ್ರ. 35 ಮಕ್ಕಳು, ಏಳು ಜನರ ಐದು ಗುಂಪು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಪ್ರತಿಯೊಬ್ಬರಿಗೂ ಚೀಟಿಯಲ್ಲಿ ಒಂದು ಕರೆಸಂಕೇತ. ಆಟದ ಮೈದಾನದಲ್ಲಿ ಹತ್ತು ಹೆಜ್ಜೆ ಅಂತರದಲ್ಲಿ ನಿಂತು, ಬೇರೆಯವರ ಸಂಕೇತ ಮತ್ತು ಕ್ರಮಸಂಖ್ಯೆ ಕೇಳಿ ಬರೆದುಕೊಳ್ಳಬೇಕು. ಬೇರೆ ತಾಲ್ಲೂಕಿಗೆ 1 ಅಂಕ, ಸ್ವಂತ ತಾಲ್ಲೂಕಿಗೆ 0, ಆದರೆ ಐದೂ ತಾಲ್ಲೂಕು ಗುಣಕಕ್ಕೆ ಸೇರುತ್ತವೆ. ಸಮಯ ಹನ್ನೆರಡು ನಿಮಿಷ.

ಮೊದಲ ಎರಡು ನಿಮಿಷ ಬರೀ ಗದ್ದಲ. ಆಮೇಲೆ ಹಡಗಲಿ ಗುಂಪಿನ ಹುಡುಗನೊಬ್ಬ ಕೈಯೆತ್ತಿ "ಸದ್ದಲೇ" ಎಂದು ಕೂಗಿದ. ಮೈಲಾರದ ಕಾರಣಿಕದಲ್ಲಿ ಗೊರವಯ್ಯ ಬಿಲ್ಲನ್ನೇರಿ ಹಾಗೆ ಕೂಗಿದೊಡನೆ ಅಷ್ಟು ದೊಡ್ಡ ಜಾತ್ರೆಯೇ ಉಸಿರು ಬಿಗಿಹಿಡಿಯುತ್ತದೆ. ಮಕ್ಕಳು ನಕ್ಕರು, ಆದರೆ ಸುಮ್ಮನಾದರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಕಾಯಬೇಕು, ಆವರ್ತನ ಖಾಲಿಯಿದೆಯೇ ಎಂದು ಕೇಳಿ ಆಮೇಲೆ ಕರೆಯಬೇಕು ಎಂಬುದು ಹ್ಯಾಮ್‌ಗಳ ಮೊದಲ ಶಿಸ್ತು. ಅದನ್ನು ಹೇಳಿಕೊಡುವ ಕೆಲಸ ನನಗೆ ಉಳಿಯಲಿಲ್ಲ.

ಎರಡನೇ ಸುತ್ತಿಗೆ ವಿಭಾಗ ತಂದೆ: ಜೋರು ದನಿ, ಸಣ್ಣ ದನಿ. ಕೊಟ್ಟೂರು ಗುಂಪಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ನಾವು ಸಣ್ಣ ದನಿಯೋರು ಅಂತ ಬ್ಯಾರೆ ನಿಂದ್ರಿಸ್ತೀರೇನ್ರಿ ಸರ್?" ತರಗತಿಯಲ್ಲಿ ಅತಿ ಮೆಲ್ಲಗೆ ಮಾತಾಡುವವಳು ಅವಳೇ. ನಾನು ನಿಯಮವನ್ನೇ ಓದಿ ಹೇಳಿದೆ. ಹ್ಯಾಮ್ ಸ್ಪರ್ಧೆಯಲ್ಲಿ ಯಾರೂ ಯಾರನ್ನೂ ವಿಭಾಗಕ್ಕೆ ಹಾಕುವುದಿಲ್ಲ, ಲಾಗ್ ಕಳಿಸುವಾಗ ಸ್ಪರ್ಧಿಯೇ ತನ್ನ ವಿಭಾಗ ಬರೆಯುತ್ತಾನೆ. 5 ವ್ಯಾಟ್ ಇದ್ದವನು ದೊಡ್ಡ ವಿಭಾಗಕ್ಕೆ ಹೋಗುತ್ತೇನೆಂದರೆ ಅಡ್ಡಿಯಿಲ್ಲ. ದೊಡ್ಡ ಶಕ್ತಿ ಬಳಸಿ ಚಿಕ್ಕ ವಿಭಾಗ ಸೇರುವಂತಿಲ್ಲ, ಅಷ್ಟೇ. ಅವಳು ಜೋರು ದನಿಯ ವಿಭಾಗಕ್ಕೇ ಹೋದಳು. ನಾವು ತರಗತಿಯಲ್ಲಿ ಮಕ್ಕಳನ್ನು 'ನಿಧಾನ ಕಲಿಕೆಯವರು' ಎಂದು ಗುಂಪು ಮಾಡುವಾಗ ಈ ಪ್ರಶ್ನೆಯನ್ನು ಅವರು ಕೇಳುವುದಿಲ್ಲ, ಏಕೆಂದರೆ ಅಲ್ಲಿ ಆಯ್ಕೆ ಅವರದಲ್ಲ. ಶಿಕ್ಷಕ ಪ್ರಶಿಕ್ಷಕರು ಇದನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ನನ್ನ ಕೋರಿಕೆ.

ಎರಡನೇ ಅವಧಿ ಲಾಗ್ ಪರಿಶೀಲನೆಗೆ. ನಿಜವಾದ ಸ್ಪರ್ಧೆಯಲ್ಲಿ ಕಂಪ್ಯೂಟರ್ ಎಲ್ಲ ಲಾಗ್‌ಗಳನ್ನೂ ಒಂದಕ್ಕೊಂದು ತಾಳೆ ನೋಡುತ್ತದೆ. ಕರೆಸಂಕೇತ ತಪ್ಪಾಗಿದ್ದರೆ ಆ ಸಂಪರ್ಕ ಹೋಗುತ್ತದೆ, ಜೊತೆಗೆ ಅದರ ಎರಡರಷ್ಟು ಅಂಕ ದಂಡ. ವಿನಿಮಯದ ಸಂಖ್ಯೆ ತಪ್ಪಾಗಿದ್ದರೆ ಸಂಪರ್ಕ ಮಾತ್ರ ಹೋಗುತ್ತದೆ. ಒಂದೇ ಕೇಂದ್ರವನ್ನು ಒಂದೇ ಬ್ಯಾಂಡಿನಲ್ಲಿ ಎರಡು ಸಲ ಬರೆದರೆ ದಂಡವಿಲ್ಲ, ಅಂಕವೂ ಇಲ್ಲ. ನಾವು ಗುಂಪುಗಳ ನಡುವೆ ಹಾಳೆ ಬದಲಿಸಿಕೊಂಡು ಇದನ್ನೇ ಮಾಡಿದೆವು. ಹರಪನಹಳ್ಳಿ ಗುಂಪು 42 ಸಂಪರ್ಕ ಬರೆದು 210 ಎಂದು ಹೇಳಿಕೊಂಡಿತ್ತು. ಒಂಬತ್ತು ಸಂಕೇತ ತಪ್ಪು: 33 ಉಳಿಯಿತು, ದಂಡ 18, ಉಳಿದದ್ದು 15, ಗುಣಿಸು ಐದು, 75. ಹಗರಿಬೊಮ್ಮನಹಳ್ಳಿಯವರು ಬರೆದದ್ದು 31, ತಪ್ಪು ಎರಡು, ಕೊನೆಗೆ 25 ಗುಣಿಸು ಐದು, 125.

ಆಗ ಬಂದ ಜಗಳ ನನಗೆ ಬಹಳ ಇಷ್ಟವಾಯಿತು. "ನಾನು ಸರಿಯಾಗೇ ಬರದೀನಿ, ಅವ ನನ್ನ ಹೆಸರೇ ಬರಕೊಂಡಿಲ್ಲ. ನನಗ್ಯಾಕ ದಂಡ?" ಎದುರಿನವನ ಲಾಗ್‌ನಲ್ಲಿ ಆ ಸಂಪರ್ಕವೇ ಇಲ್ಲದಿದ್ದರೆ ಬರೆದವನಿಗೇ ದಂಡ ಎನ್ನುತ್ತದೆ ನಿಯಮ. ಆದರೆ ಎದುರಿನವನು ಬರೆದು, ಸಂಕೇತ ಮಾತ್ರ ತಪ್ಪಿದ್ದರೆ, ತಪ್ಪಿದವನಿಗೆ ದಂಡ, ಸರಿ ಬರೆದವನಿಗೆ ಪೂರ್ತಿ ಅಂಕ. ತಲುಪಿತೋ ಇಲ್ಲವೋ ಎಂದು ಕೇಳಿ ಖಚಿತ ಮಾಡಿಕೊಳ್ಳುವುದು ಕರೆದವನ ಕೆಲಸವೂ ಹೌದು. 2004ರ ಸುನಾಮಿಯ ಹೊತ್ತಿಗೆ ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಹ್ಯಾಮ್ ರೇಡಿಯೊದಿಂದ ಅಂಡಮಾನಿನ ಸುದ್ದಿಯನ್ನು ಹೊರಗೆ ಮುಟ್ಟಿಸಿದ್ದನ್ನು ಹೇಳಿದೆ. ಅಂಥ ಸಮಯದಲ್ಲಿ "ನಾನು ಹೇಳಿದ್ದೆ" ಎಂಬುದಷ್ಟೇ ಸಾಲದು. ಹುಡುಗ ಒಪ್ಪಿದ, ಮುಖ ಮಾತ್ರ ಸಡಿಲವಾಗಲಿಲ್ಲ.

ಪರಿಶೀಲನೆಗೆ ಮೊದಲು ಇಬ್ಬರು ಗೆಳೆಯರ ಬಳಿ ಹೋಗಿ "ನಿಂದು ಎಷ್ಟನೇ ನಂಬರ್?" ಎಂದು ವಿಚಾರಿಸುತ್ತಿದ್ದರು. ಸ್ಪರ್ಧೆ ಮುಗಿದ ಮೇಲೆ ಧ್ವನಿಮುದ್ರಣ ಕೇಳಿಯೋ, ಇಮೇಲ್ ಮಾಡಿಯೋ, ಪಟ್ಟಿ ನೋಡಿಯೋ ಲಾಗ್ ತಿದ್ದುವುದು ನಿಷಿದ್ಧ ಎಂದಾಗ ಅವರಿಗೆ ಗೊಂದಲ: "ತಪ್ಪು ತಿದ್ದಕೋರಿ ಅಂತ ನೀವೇ ಹೇಳ್ತೀರಲ್ರಿ?" ನ್ಯಾಯವಾದ ಪ್ರಶ್ನೆ. ಮನೆಗೆಲಸದಲ್ಲಿ ಉತ್ತರ ಸರಿಯಾಗಿರಬೇಕು, ಅದಕ್ಕೆ ತಿದ್ದುತ್ತೇವೆ. ಲಾಗ್ ಹೇಳುವುದು ಆ ಕ್ಷಣ ನನ್ನ ಕಿವಿಗೆ ಬಿದ್ದದ್ದೇನು ಎಂದು. ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಲೋಲಕದ ಉತ್ತರ 9.8ರ ಹತ್ತಿರ ಬರಲೆಂದು ರೀಡಿಂಗ್ ಹಿಂದುಮುಂದು ಮಾಡುವವರನ್ನು ಈ ಪತ್ರಿಕೆಯ ಓದುಗರೆಲ್ಲ ಕಂಡಿದ್ದಾರೆ. ಪ್ರಯೋಗ ದಾಖಲೆಗೆ ಅಂಕ ಕೊಡುವಾಗ ನಾವು ಉತ್ತರಕ್ಕೆ ಕೊಡುತ್ತೇವೋ ರೀಡಿಂಗಿಗೋ ಎಂಬುದು ಇಲ್ಲಿಗೆ ಬಂದು ನಿಲ್ಲುತ್ತದೆ.

ಒಂದು ವಿಷಯ ಲಾಗ್‌ನಿಂದ ತಿಳಿಯುವುದಿಲ್ಲ: ಎಷ್ಟು ವ್ಯಾಟ್ ಬಳಸಿದರು ಎಂಬುದು. 1990ರಲ್ಲಿ ಸಿಯಾಟಲ್‌ನಲ್ಲಿ ಆರಂಭವಾದ ವಿಶ್ವ ರೇಡಿಯೊ ತಂಡ ಸ್ಪರ್ಧೆಯಲ್ಲಿ ಪ್ರತಿ ತಂಡದ ಪಕ್ಕ ಒಬ್ಬ ತೀರ್ಪುಗಾರ ಕೂರುತ್ತಾನೆ. ಮನೆಯಿಂದ ಆಡುವವರಿಗೆ ಆ ವ್ಯವಸ್ಥೆಯಿಲ್ಲ, ನಂಬಿಕೆಯ ಮೇಲೆಯೇ ನಡೆಯುತ್ತದೆ. ಸಣ್ಣ ದನಿಯ ವಿಭಾಗದಲ್ಲಿ ನಿಂತು ಜೋರಾಗಿ ಕೂಗಿದವರು ಯಾರೆಂದು ನಾನು ಕೇಳಲಿಲ್ಲ. ಆದರೂ ಇಬ್ಬರು ತಮ್ಮ ಹಾಳೆಯ ಮೇಲೆ ವಿಭಾಗ ಹೊಡೆದುಹಾಕಿ 'ಜೋರು' ಎಂದು ಬರೆದುಕೊಟ್ಟರು.

ಇದನ್ನು ಮಾಡಿ ನೋಡುವವರಿಗೆ: ಹಾಳೆಯಲ್ಲಿ ಸಮಯ, ಕರೆಸಂಕೇತ, ತಾಲ್ಲೂಕು, ಕ್ರಮಸಂಖ್ಯೆ ಎಂಬ ನಾಲ್ಕು ಅಂಕಣ ಸಾಕು. ಸಂಕೇತಗಳಲ್ಲಿ ಪ-ಬ, ತ-ದ ಜೋಡಿಗಳನ್ನು ಬೇಕೆಂದೇ ಸೇರಿಸಿ. ಪೆನ್ಸಿಲ್ ಕೊಡಬೇಡಿ, ಪೆನ್ನು ಕೊಡಿ.