ಓಟವೇ ಒತ್ತಡ: ರ‍್ಯಾಮ್‌ಜೆಟ್ಟಿನ ಲೆಕ್ಕ

ಜನವರಿ 26ರ ಮೆರವಣಿಗೆಯಲ್ಲಿ ಬ್ರಹ್ಮೋಸ್ ಕ್ಷಿಪಣಿ ಹೊತ್ತ ಲಾರಿಗಳನ್ನು ನಮ್ಮಲ್ಲಿ ಬಹಳ ಜನ ನೋಡಿದ್ದೇವೆ. ಆ ಸಂಸ್ಥೆಯ ಮುಖ್ಯ ಕಚೇರಿಯೂ ಇಲ್ಲೇ, ದೆಹಲಿ ಕಂಟೋನ್ಮೆಂಟಿನಲ್ಲಿದೆ. ವಿಶೇಷ ಏನಂದರೆ, ಅದರ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತುವ ಚಕ್ರ ಒಂದೂ ಇಲ್ಲ. ಹಾಗಾದರೆ ಒತ್ತುವವರು ಯಾರು?

ಮೊದಲು, ಒತ್ತಬೇಕು ಯಾಕೆ ಅಂತ ನೋಡೋಣ. ಸಡಿಲ ಗಾಳಿಯಲ್ಲಿ ಇಂಧನ ಉರಿದರೆ ಬಿಸಿ ಹುಟ್ಟುತ್ತದೆಯೇ ಹೊರತು ಹೆಚ್ಚು ತಳ್ಳುವ ಬಲ ಹುಟ್ಟುವುದಿಲ್ಲ. ಒತ್ತಿದ ಗಾಳಿಯಲ್ಲಿ ಉರಿದರೆ ಬಿಸಿ ಅನಿಲ ಹಿಂದಕ್ಕೆ ನುಗ್ಗಿ, ಎಂಜಿನ್ನನ್ನು ಮುಂದಕ್ಕೆ ತಳ್ಳುತ್ತದೆ. ಪಾಲಂನಿಂದ ಏಳುವ ಪ್ರಯಾಣಿಕ ಜೆಟ್ ವಿಮಾನದಲ್ಲಿ ಈ ಕೆಲಸಕ್ಕೆ ಸಾಲುಸಾಲು ಅಲಗುಗಳ ಕಂಪ್ರೆಸರ್ ಇದೆ.

ಓಡುವ ಬಸ್ಸಿನ ಕಿಟಕಿಯಿಂದ ಮುಖ ಚಾಚಿದವರಿಗೆ ಇನ್ನೊಂದು ದಾರಿ ಗೊತ್ತು. ಎದುರು ಬರುವ ಗಾಳಿಯನ್ನು ಕೊಳವೆಯೊಳಗೆ ಹಿಡಿದು ನಿಧಾನ ಮಾಡಿಸಿದರೆ, ಅದರ ವೇಗವೇ ಒತ್ತಡವಾಗುತ್ತದೆ. ವೇಗ ಎರಡು ಪಟ್ಟಾದರೆ ಹೆಚ್ಚುವರಿ ಒತ್ತಡ ನಾಲ್ಕು ಪಟ್ಟು. ಶಬ್ದದ ವೇಗದ ಹತ್ತಿರ ಹೋದಂತೆ ಇನ್ನೂ ಜಾಸ್ತಿ.

ಈಗ ಲೆಕ್ಕ. ಗಂಟೆಗೆ 100 ಕಿಲೋಮೀಟರ್ ಓಡುವ ಬೈಕಿಗೆ ಸಿಗುವ ಹೆಚ್ಚುವರಿ ಒತ್ತಡ, ವಾತಾವರಣದ ಒತ್ತಡದ ಶೇಕಡಾ ಅರ್ಧಕ್ಕಿಂತ ಕಡಿಮೆ. ಆದ್ದರಿಂದ, ಮುಂದಕ್ಕೆ ಬಾಯಿ ತೆರೆದ ಕೊಳವೆ ಹಾಕಿಸಿದರೆ ಬೈಕು ಹಾರುತ್ತೆ ಅಂತ ಯಾರಾದರೂ ಅಂದರೆ, ದುಡ್ಡು ಜೇಬಲ್ಲೇ ಇರಲಿ. ಶಬ್ದದ ವೇಗದ ಶೇಕಡಾ 80ರಲ್ಲಿ ಹಾರುವ ವಿಮಾನಕ್ಕೆ ಒತ್ತಡ ಸುಮಾರು ಒಂದೂವರೆ ಪಟ್ಟಾಗುತ್ತದೆ. ಶಬ್ದದ 2.8 ಪಟ್ಟು ವೇಗದ ಬ್ರಹ್ಮೋಸ್‌ಗೆ ಲೆಕ್ಕದ ಪ್ರಕಾರ ಸುಮಾರು 27 ಪಟ್ಟು! ಆಘಾತ ತರಂಗಗಳಲ್ಲಿ ಒಂದಷ್ಟು ನಷ್ಟವಾಗುತ್ತದೆ, ಆದರೂ ಉಳಿದದ್ದು ಧಾರಾಳ. ಕಂಪ್ರೆಸರ್ ಬೇಡ, ಅದನ್ನು ತಿರುಗಿಸುವ ಟರ್ಬೈನೂ ಬೇಡ. ಇದೇ ರ‍್ಯಾಮ್‌ಜೆಟ್.

ಆದರೆ ಒಂದು ತೊಡಕುಂಟು. ನಿಂತಲ್ಲಿ ವೇಗ ಸೊನ್ನೆ, ಒತ್ತಡವೂ ಸೊನ್ನೆ. ನಮ್ಮ ವಾಣಿಜ್ಯದ ಭಾಷೆಯಲ್ಲಿ ಹೇಳಬೇಕಾದರೆ, ಮೂಲ ಬಂಡವಾಳ ಇಲ್ಲದೆ ಈ ವ್ಯಾಪಾರ ಶುರುವಾಗುವುದೇ ಇಲ್ಲ. ಫ್ರಾನ್ಸಿನ ರೆನೆ ಲೋರಾಂ 1913ರಲ್ಲೇ ಈ ಎಂಜಿನ್ನಿನ ವಿಚಾರ ಪ್ರಕಟಿಸಿದರೂ ಆಗ ಅಷ್ಟು ವೇಗದ ವಿಮಾನವೇ ಇರಲಿಲ್ಲ. 1949ರಲ್ಲಿ ಅಲ್ಲಿಯವರೇ ಆದ ರೆನೆ ಲೆದುಕ್ ತಮ್ಮ ರ‍್ಯಾಮ್‌ಜೆಟ್ ವಿಮಾನವನ್ನು ಇನ್ನೊಂದು ವಿಮಾನದ ಬೆನ್ನ ಮೇಲಿಂದ ಹಾರಿಸಿದರು. 2001ರ ಜೂನ್ 12ರಂದು ಒಡಿಶಾದ ಚಾಂದಿಪುರದಲ್ಲಿ ಮೊದಲ ಸಲ ಹಾರಿದ ಬ್ರಹ್ಮೋಸ್‌ಗೆ ಆ ಬಂಡವಾಳ ಕೊಟ್ಟದ್ದು ಘನ ಇಂಧನದ ರಾಕೆಟ್. ಅದು ಉರಿದು ಕಳಚಿಬಿದ್ದ ಮೇಲೆ ರ‍್ಯಾಮ್‌ಜೆಟ್ಟಿನ ಪಾಳಿ.

ಇನ್ನೊಂದು ತುದಿಯಲ್ಲೂ ಮಿತಿ ಇದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಶಬ್ದದ ಐದಾರು ಪಟ್ಟು ವೇಗದಲ್ಲಿ ಗಾಳಿಯನ್ನು ಪೂರ್ತಿ ನಿಧಾನ ಮಾಡಹೊರಟರೆ ಅತಿಯಾಗಿ ಕಾದು, ಲಾಭವೆಲ್ಲ ಕರಗಿಹೋಗುತ್ತದೆ. ಅದಕ್ಕೇ ಗಾಳಿ ಶಬ್ದಕ್ಕಿಂತ ವೇಗವಾಗಿ ಹರಿಯುತ್ತಿರುವಾಗಲೇ ಇಂಧನ ಉರಿಸುವ ಸ್ಕ್ರ್ಯಾಮ್‌ಜೆಟ್. ಇಸ್ರೋ 2016ರ ಆಗಸ್ಟ್ 28ರಂದು ಶ್ರೀಹರಿಕೋಟದಿಂದ ಅದನ್ನು ಹಾರಿಸಿ ಪರೀಕ್ಷಿಸಿತು. ಅದು ಉರಿದದ್ದು 5 ಸೆಕೆಂಡು ಮಾತ್ರ. ಬಿರುಗಾಳಿಯಲ್ಲಿ ಬೆಂಕಿಕಡ್ಡಿ ಆರದಂತೆ ಹಿಡಿದ ಆ 5 ಸೆಕೆಂಡು ಸಣ್ಣದಲ್ಲ.